ಅಂತರಗಂಗೆ ಸೊರಗಿದಾಗ

ಅಂತರಗಂಗೆಗೆ ನೆಲದ ಹಂಗಿಲ್ಲ. ಎಲೆಗಳನ್ನು ಹೂವಿನಂತೆ ಅರಳಿಸಿ, ಬೇರುಗಳನ್ನು ನೀರಿನಲ್ಲಿ ಇಳಿಬಿಟ್ಟು ತೇಲುವ ಗಿಡವದು. ಆದುದರಿಂದ ಅದು ಸೊರಗಿತೆಂದರೆ ಕಾರಣವನ್ನು ಮೊದಲು ನೀರಿನಲ್ಲಿಯೇ ಹುಡುಕಬೇಕು.

ಹೊಸದಾಗಿ ತುಂಬಿದ ಕೊಳದಲ್ಲಿ ಸಾರ ಸಾಲದೆ ಎಲೆ ಹಳದಿಯಾಗುತ್ತದೆ. ಕಾರಂಜಿಯ ಹನಿ ಎಡೆಬಿಡದೆ ಬಿದ್ದರೆ ಗಿಡದ ನಡು ಕೊಳೆಯುತ್ತದೆ. ಮೀನುಗಳು ಬೇರನ್ನು ಮೇಯುವುದೂ ಉಂಟು.

ಇಂತಹ ಗಿಡಗಳನ್ನು ಮೀನುಗಳಿಲ್ಲದ ಅಗಲವಾದ ತೊಟ್ಟಿಗೆ ಸಾಗಿಸಿ, ಕೊಳೆತ ಎಲೆಗಳನ್ನು ಕಿತ್ತುಹಾಕಬೇಕು. ನಲ್ಲಿಯ ನೀರಾದರೆ ಎರಡು ದಿನ ತೆರೆದಿಟ್ಟು ಬಳಸುವುದು ಲೇಸು. ಕಳಿತ ಸಗಣಿಗೊಬ್ಬರದ ತಿಳಿಯನ್ನು ಸ್ವಲ್ಪವೇ ಬೆರೆಸಿ, ಬೆಳಗಿನ ಬಿಸಿಲು ಬಿದ್ದು ನಡುಹಗಲಿನಲ್ಲಿ ನೆರಳಿರುವೆಡೆ ಇಡಬೇಕು. ನಡುವಿನಲ್ಲಿ ಹಸಿರು ಚಿಗುರು ಮೂಡಿದರೆ ಗಿಡ ಉಳಿಯಿತೆಂದು ತಿಳಿಯಬಹುದು.

ನಿಜವಾದ ಎಚ್ಚರ ಬೇಕಾಗುವುದು ಆಮೇಲೆ. ಚೇತರಿಸಿಕೊಂಡ ಅಂತರಗಂಗೆ ಮರಿಯ ಮೇಲೆ ಮರಿ ಹಾಕಿ ಕೊಳವನ್ನೇ ಮುಚ್ಚಿಬಿಡುತ್ತದೆ. ಆನೆಕಾಲು ರೋಗವನ್ನು ಹರಡಬಲ್ಲ ಮ್ಯಾನ್ಸೋನಿಯ ಸೊಳ್ಳೆಯ ಮರಿಗಳು ಅದರ ಬೇರಿಗೆ ಅಂಟಿಕೊಂಡೇ ಉಸಿರಾಡುತ್ತವೆ. ಕೊಳದ ಅರ್ಧ ಭಾಗವಾದರೂ ತೆರೆದಿರುವಂತೆ ಆಗಾಗ ಗಿಡಗಳನ್ನು ತೆಗೆಯಬೇಕು. ತೆಗೆದುದು ಗೊಬ್ಬರದ ಗುಂಡಿಗೆ ಸೇರಲಿ. ಊರ ಕೆರೆಗೆ ಮಾತ್ರ ಬೀಳದಿರಲಿ. ಮನೆಯ ಕೊಳಕ್ಕೆ ಅಂದವಾದ ಈ ಹಸಿರೇ ಕೆರೆಯನ್ನು ಮುಸುಕಿದರೆ, ಬೆಳಕೂ ಗಾಳಿಯೂ ಸಾಲದೆ ಅಲ್ಲಿಯ ಮೀನುಗಳು ಸಾಯುತ್ತವೆ.