ಹೋರಿ ಗುದ್ದಿದರೆ ಮುಚ್ಚಿಡಬೇಡಿ

ದೀಪಾವಳಿ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಹೋರಿ ಬೆದರಿಸುವ ಸ್ಪರ್ಧೆಗಳ ಸಡಗರ. ಕೊಬ್ಬರಿ ಸರ, ಬಲೂನು ಕಟ್ಟಿದ ಹೋರಿ ಜನರ ನಡುವೆ ನುಗ್ಗಿ ಓಡುತ್ತದೆ. ಕೊಬ್ಬರಿ ಹರಿಯಲು ಯುವಕರು ಮೇಲೆ ಬೀಳುತ್ತಾರೆ. ಅಮೆರಿಕದ ರೋಡಿಯೊ ಪಂದ್ಯಗಳಲ್ಲಿ ಮಹಿಳೆಯರು ಕುದುರೆ ಏರಿ ಸ್ಪರ್ಧಿಸುತ್ತಾರೆ. 1948ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡರು. ನಮ್ಮ ಅಖಾಡದಲ್ಲಿ ಹೆಚ್ಚಿನವರು ಗಂಡಸರೇ. ಆದರೆ ಆ ಹೋರಿಗೆ ವರ್ಷವಿಡೀ ಮೇವು, ನೀರು ಕೊಟ್ಟು ಮೈ ತೊಳೆಯುವ ಕೆಲಸದಲ್ಲಿ ಮನೆಯ ಹೆಂಗಸರದ್ದು ದೊಡ್ಡ ಪಾಲು. ಪಟಾಕಿ ಸದ್ದಿಗೆ ಬೆಚ್ಚಿದ ಹೋರಿಗೆ ಮೇವು ಹಾಕುವವರು, ಆರತಿ ಎತ್ತುವವರು ಬೇರೆಯಲ್ಲ.

ಅಖಾಡದಲ್ಲಿ ಬಿದ್ದವನನ್ನು ನಾಲ್ಕು ಜನ ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ದನದ ಕೊಟ್ಟಿಗೆಯಲ್ಲಿ ಪೆಟ್ಟು ತಿಂದ ತಾಯಿ ಅರಿಶಿಣ ಹಚ್ಚಿಕೊಂಡು ರೊಟ್ಟಿ ಬಡಿಯಲು ಕೂರುತ್ತಾಳೆ. "ಗಾಯ ಆಗಿಲ್ರಿ ಡಾಕ್ಟ್ರ, ಬರೇ ಗುದ್ದೈತಿ" ಎಂಬ ಮಾತು ಕೇಳಿದರೆ ನನಗೆ ಭಯ. ರಕ್ತ ಕಾಣುವ ಗಾಯಕ್ಕಿಂತ ಕಾಣದ ಪೆಟ್ಟು ಎಷ್ಟೋ ಸಲ ಹೆಚ್ಚು ಅಪಾಯಕಾರಿ.

ಎಡಪಕ್ಕೆಯ ಕೆಳಗೆ ಗುಲ್ಮ ಎಂಬ ಮೃದುವಾದ ಅಂಗವಿದೆ. ಅದು ಹರಿದರೆ ಹೊಟ್ಟೆಯೊಳಗೇ ರಕ್ತ ಸೋರುತ್ತದೆ. ಬಲಪಕ್ಕೆಯ ಕೆಳಗಿನ ಯಕೃತ್ತಿಗೂ ಇದೇ ಮಾತು. ಕೆಲವೊಮ್ಮೆ ಲಕ್ಷಣಗಳು ಕೆಲವು ಗಂಟೆ, ಅಪರೂಪಕ್ಕೆ ಕೆಲವು ದಿನಗಳ ನಂತರ ಕಾಣಿಸಿಕೊಳ್ಳುತ್ತವೆ: ಹೊಟ್ಟೆ ಬಿಗಿದು ನೋವು, ತಲೆಸುತ್ತು, ತಣ್ಣನೆಯ ಬೆವರು, ಬಿಳಿಚಿದ ಮುಖ, ವೇಗದ ನಾಡಿ. ಭುಜಕ್ಕೆ ಪೆಟ್ಟೇ ಬಿದ್ದಿಲ್ಲ, ಆದರೂ ಎಡಭುಜ ನೋಯುತ್ತಿದ್ದರೆ ಗುಲ್ಮವನ್ನು ಸಂಶಯಿಸಬೇಕು. ಇದನ್ನು ಮುಟ್ಟಿನ ನೋವೆಂದೋ ಹಬ್ಬದ ದಣಿವೆಂದೋ ತಳ್ಳಿಹಾಕಬೇಡಿ. ನೋವಿನ ಗುಳಿಗೆ ನುಂಗಿ ಮಲಗುವುದಂತೂ ಬೇಡವೇ ಬೇಡ.

ಬಸುರಿಯ ಹೊಟ್ಟೆಗೆ ಕೊಂಬು ಅಥವಾ ಕಾಲು ತಾಗಿದರೆ, ಅವಳು ಆರಾಮಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಗರ್ಭಕೋಶಕ್ಕೆ ಅಂಟಿದ ಮಾಸು ಬಿಟ್ಟುಕೊಂಡರೆ ತಾಯಿ, ಮಗು ಇಬ್ಬರಿಗೂ ಅಪಾಯ. ಹೊರಗೆ ರಕ್ತಸ್ರಾವ ಕಾಣದೆಯೂ ಹೀಗಾಗಬಹುದು.

ಕೊಂಬು ತಿವಿದ ಗಾಯ ಮೇಲೆ ಚಿಕ್ಕದು, ಒಳಗೆ ಆಳ. ಸಗಣಿ, ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ಸಣ್ಣ ತರಚುಗಾಯವನ್ನು ಸಾಬೂನು, ಹರಿಯುವ ನೀರಿನಿಂದ ತೊಳೆಯಿರಿ. ಅರಿಶಿಣ, ಕಾಫಿಪುಡಿ ತುಂಬಬೇಡಿ. ಹಿಂದಿನ ಧನುರ್ವಾಯು ಚುಚ್ಚುಮದ್ದು ಎಂದು ಆಯಿತೆಂಬುದನ್ನು ವೈದ್ಯರಿಗೆ ತಿಳಿಸಿ. ಇಂತಹ ಕೊಳಕು ಗಾಯಕ್ಕೆ 5 ವರ್ಷ ದಾಟಿದ್ದರೆ ಮತ್ತೊಂದು ಬೇಕು.

ಕರುಳು ಹೊರಬಂದಿದ್ದರೆ ಒಳಗೆ ತಳ್ಳಬೇಡಿ. ಶುದ್ಧ ನೀರಿನಲ್ಲಿ ಅದ್ದಿದ ಸ್ವಚ್ಛ ಬಟ್ಟೆ ಮುಚ್ಚಿ, ಮೊಣಕಾಲು ಮಡಿಚಿ ಮಲಗಿಸಿ. ನೀರು, ಚಹಾ ಏನೂ ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. 108ಕ್ಕೆ ಫೋನ್ ಮಾಡುವಾಗ ಹೋರಿ ತಿವಿದಿದೆ ಎಂದೇ ಹೇಳಿ, ಬಸುರಿಯಾಗಿದ್ದರೆ ಎಷ್ಟು ತಿಂಗಳೆಂಬುದನ್ನೂ ತಿಳಿಸಿ.