ಸುಮ್ಮನೆ ಕುಳಿತವರ ವೇಗ

ಸಂಜೆಯ ಹೊತ್ತು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು, ಅರ್ಧ ಗಂಟೆಯಾದರೂ ಬಸ್ಸಿನ ಗಾಲಿ ಉರುಳಲಿಲ್ಲವೆಂದು ಗೊಣಗುವ ಪ್ರಯಾಣಿಕನು ಅಷ್ಟರೊಳಗೆ ಭೂಮಿಯೊಡನೆ ಸೂರ್ಯನ ಸುತ್ತ ಸುಮಾರು 54,000 ಕಿಲೋಮೀಟರು ಸಾಗಿರುತ್ತಾನೆಂದರೆ ಅದರಿಂದ ಅವನಿಗೆ ಸಮಾಧಾನವಾಗಲಾರದು. ಆದರೂ ಇದು ಗಣಿತಸಿದ್ಧವಾದ ಸಂಗತಿ.

ನಮ್ಮ ವೇಗಗಳಲ್ಲಿ ಅತ್ಯಲ್ಪವಾದುದು ಭೂಮಿಯ ಆವರ್ತನದಿಂದ ಒದಗತಕ್ಕದ್ದು. ವಿಷುವದ್ವೃತ್ತದ ಮೇಲೆ ಅದು ಗಂಟೆಗೆ 1,670 ಕಿಲೋಮೀಟರು. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಬೆಂಗಳೂರು ದಿನವೊಂದಕ್ಕೆ ಸುತ್ತುವ ವೃತ್ತವು ತುಸು ಕಿರಿದಾದುದರಿಂದ ಇಲ್ಲಿ ಸುಮಾರು 1,625. ಶಬ್ದದ ವೇಗವಾದರೋ 1,225ರ ಆಸುಪಾಸು. ಯಲಹಂಕದ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆದಾಗ ಬಿಸಿಲಿಗೆ ಕೈಯಡ್ಡ ಹಿಡಿದು ಮೇಲೆ ನೋಡುವವರೆಲ್ಲರೂ, ಹೀಗೆ, ನಿಂತಲ್ಲಿಯೇ ಶಬ್ದವನ್ನು ಮೀರಿದವರು! ಗಾಳಿಯೂ ನೆಲವೂ ವಿಮಾನವೂ ಒಟ್ಟಿಗೆ ತಿರುಗುತ್ತಿರುವುದರಿಂದ ಯಾರಿಗೂ ಅದರ ಸುಳಿವು ಹತ್ತುವುದಿಲ್ಲ.

ದೋಣಿಯಲ್ಲಿ ಮುಂದೆ ಸಾಗುವವನ ಕಣ್ಣಿಗೆ ದಡದ ಮರಗಳು ಹಿಂದೋಡುವಂತೆ, ತಿರುಗುವ ಭೂಮಿಯವರಿಗೆ ನಿಶ್ಚಲ ನಕ್ಷತ್ರಗಳು ಪಶ್ಚಿಮಕ್ಕೆ ಸರಿವಂತೆ ತೋರುತ್ತವೆಂಬ ವಿಚಾರವನ್ನು ಆರ್ಯಭಟನು ಕ್ರಿ.ಶ. 499ರ ಸುಮಾರಿಗೆ ಪ್ರತಿಪಾದಿಸಿದನು. ಭೂಮಿ ತಿರುಗುವುದಾದರೆ ಎತ್ತರದ ವಸ್ತುಗಳೇಕೆ ಉರುಳಿ ಬೀಳವೆಂದು ಬ್ರಹ್ಮಗುಪ್ತನಂಥ ಮೇಧಾವಿಯೇ ಆಕ್ಷೇಪಿಸಿದನು. ಪ್ರಶ್ನೆ ಹುಸಿಯಲ್ಲ. ನಮ್ಮ ಶರೀರಕ್ಕೆ ವೇಗವನ್ನರಿಯುವ ಇಂದ್ರಿಯವಿಲ್ಲ. ವೇಗದ ಬದಲಾವಣೆ ಮಾತ್ರ ಅದಕ್ಕೆ ತಟ್ಟುತ್ತದೆ. ಭೂಭ್ರಮಣದಲ್ಲಿ ದಿಕ್ಕು ಬದಲಾಗುತ್ತಿರುವುದು ನಿಜವೇ, ಆದರೆ ಎಷ್ಟು ಮಂದವಾಗಿ ಎಂದರೆ ಅದರ ಪರಿಣಾಮವಾಗಿ 60 ಕಿಲೋ ತೂಗುವವನ ತೂಕದಲ್ಲಿ ಕಡಿಮೆಯಾಗುವುದು ಸುಮಾರು 200 ಗ್ರಾಂ ಅಷ್ಟೆ.

ಆ ಆರ್ಯಭಟನ ಹೆಸರನ್ನೇ ಹೊತ್ತ ಭಾರತದ ಮೊದಲನೆಯ ಉಪಗ್ರಹವು ಸಿದ್ಧವಾದದ್ದು ಯಶವಂತಪುರದಾಚೆಯ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ, ಉಡುಪಿ ಸೀಮೆಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟೊಂದು ಅದನ್ನು ಕಕ್ಷೆಗೇರಿಸಿತು. ಅಷ್ಟು ಸಾಹಸದಿಂದ ಸಂಪಾದಿಸಿದ ಅದರ ವೇಗ ಸೆಕೆಂಡಿಗೆ ಏಳೂವರೆ ಕಿಲೋಮೀಟರು. ಪೀಣ್ಯದಲ್ಲೇ ಉಳಿದ ಖಾಲಿ ಬೆಂಚುಗಳಾದರೋ ಸೂರ್ಯನ ಸುತ್ತ ಮೊದಲಿನಂತೆಯೇ ಸೆಕೆಂಡಿಗೆ 30 ಕಿಲೋಮೀಟರಿನಂತೆ ಹೋಗುತ್ತಿದ್ದವು. ಯಾವುದನ್ನು ಕುರಿತು ಅಳೆಯುತ್ತೇವೆಂಬುದನ್ನು ಹೇಳದೆ ವೇಗವನ್ನು ಹೇಳಿದರೆ ಅದಕ್ಕೆ ಅರ್ಥವಿಲ್ಲ.

ಸೂರ್ಯನಿಗೂ ನಿಲುಗಡೆಯಿಲ್ಲ. ಆಕಾಶಗಂಗೆಯ ಕೇಂದ್ರವನ್ನು ಸೆಕೆಂಡಿಗೆ 220 ಕಿಲೋಮೀಟರಿಗೂ ಮಿಕ್ಕ ವೇಗದಿಂದ ಬಳಸುವ ಅವನ ಒಂದು ಪ್ರದಕ್ಷಿಣೆಗೆ ಇಪ್ಪತ್ತೆರಡು ಕೋಟಿ ವರ್ಷಗಳಿಗೆ ಕಡಿಮೆಯಿಲ್ಲದ ಕಾಲ ಬೇಕು. ವಿಶ್ವದ ಬಾಲ್ಯಕಾಲದಿಂದ ಉಳಿದು ದಶದಿಕ್ಕುಗಳನ್ನೂ ತುಂಬಿರುವ ಕ್ಷೀಣ ವಿಕಿರಣವನ್ನು ಆಧಾರವಾಗಿಟ್ಟುಕೊಂಡರೆ ಸೌರವ್ಯೂಹವು ಸೆಕೆಂಡಿಗೆ ಸುಮಾರು 370 ಕಿಲೋಮೀಟರಿನಂತೆ ಸಿಂಹರಾಶಿಯತ್ತ ಹೋಗುತ್ತಿದೆ. ಮುಂದಿನ ಆಕಾಶ ಒಂದು ಡಿಗ್ರಿಯ ಸಾವಿರದಲ್ಲಿ ಮೂರು ಪಾಲಿನಷ್ಟು ಬೆಚ್ಚಗೆ, ಹಿಂದಿನದು ಅಷ್ಟೇ ತಣ್ಣಗೆ ಇರುವುದೇ ಇದಕ್ಕೆ ಸಾಕ್ಷ್ಯ. ಭೂಮಿಯ ವಾರ್ಷಿಕ ಸಂಚಾರದಿಂದ ಈ ಅಂತರದಲ್ಲಿ ತಲೆದೋರುವ ಸಣ್ಣ ಏರಿಳಿತವೂ ಅಳತೆಗೆ ಸಿಕ್ಕಿದೆ. ಯುರೋಪಿನ ಪ್ಲಾಂಕ್ ಉಪಗ್ರಹದ ಉಪಕರಣಗಳನ್ನು ವಿಜ್ಞಾನಿಗಳು ಒರೆಗೆ ಹಚ್ಚಿದುದು ಅದರಿಂದಲೇ.