ನಮ್ಮ ಓಣಿಯ ದೂರು ಯಾರಿಗೆ ತಲುಪಬೇಕು?

ಬೀದಿದೀಪ ಎಲ್ಲಿರಬೇಕು, ಚರಂಡಿ ಎತ್ತ ಹರಿಯಬೇಕು, ಬಸ್ಸು ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವವರು ಯಾರು? ನಗರಪಾಲಿಕೆಯವರು, ಇಂಜಿನಿಯರರು ಎಂದು ನೀವು ಹೇಳಬಹುದು. ನಿಜ. ಆದರೆ ಟ್ಯೂಷನ್ ಮುಗಿಸಿ ಕತ್ತಲ ಓಣಿಯಲ್ಲಿ ಬರುವ ಮಗಳಿಗಾಗಿ ಬಾಗಿಲಲ್ಲಿ ನಿಂತು ಕಾಯುವವರು ನೀವು. ಕಟ್ಟಿಕೊಂಡ ಚರಂಡಿಯ ಸೊಳ್ಳೆ ಕಚ್ಚಿ ಮಗುವಿಗೆ ಜ್ವರ ಬಂದರೆ ರಾತ್ರಿಯಿಡೀ ಎಚ್ಚರವಿರುವವರೂ ನೀವೇ. ಊರಿನ ಯೋಜನೆ ನಮಗೆ ಸಂಬಂಧಿಸಿದ್ದಲ್ಲ ಎಂದು ಸುಮ್ಮನಿದ್ದರೆ, ಅದರ ಹೊರೆ ಮಾತ್ರ ನಮ್ಮ ಮನೆಯೊಳಗೇ ಬಂದು ಬೀಳುತ್ತದೆ.

ಹಿಂದೆ ಒಂದು ದೂರು ಕೊಡಬೇಕಾದರೆ ಅರ್ಜಿ ಬರೆಸಿ ಕಚೇರಿಗೆ ಅಲೆಯಬೇಕಿತ್ತು. ಮನೆಗೆಲಸ, ಮಕ್ಕಳ ನಡುವೆ ಅದು ಎಷ್ಟು ಮಂದಿ ಮಹಿಳೆಯರಿಂದ ಸಾಧ್ಯ? ಈಗ ಆ ದಾರಿ ಕೈಯಲ್ಲಿರುವ ಫೋನಿಗೇ ಬಂದಿದೆ. 2016ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 'ಸ್ವಚ್ಛತಾ' ಎಂಬ ಆ್ಯಪ್ ತಂದಿತು. ಕಸದ ರಾಶಿಯ ಫೋಟೊ ತೆಗೆದು ಕಳುಹಿಸಿದರೆ, ಸ್ಥಳದ ಗುರುತಿನೊಂದಿಗೆ ಅದು ಆ ಊರಿನ ಪಾಲಿಕೆಗೆ ತಲುಪುವ ವ್ಯವಸ್ಥೆ ಅದು.

ನಕ್ಷೆಯಲ್ಲಿಲ್ಲದ ಊರು

ಹೀಗೆ ಜನರೇ ಕೊಡುವ ಮಾಹಿತಿಯಿಂದ ಏನಾಗಬಹುದು? ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ಕಿಬೇರಾ ಎಂಬ ಬಡವರ ದೊಡ್ಡ ಬಡಾವಣೆಯಿದೆ. ಅಲ್ಲಿ ಸಾವಿರಾರು ಕುಟುಂಬಗಳಿದ್ದರೂ ನಕ್ಷೆಯಲ್ಲಿ ಆ ಜಾಗ ಬಹುಪಾಲು ಖಾಲಿಯಾಗಿತ್ತು. ನಕ್ಷೆಯಲ್ಲೇ ಇಲ್ಲದವರಿಗೆ ನೀರಿನ ಕೊಳವೆ ಹಾಕುವವರು ಯಾರು? 2009ರಲ್ಲಿ ಅಲ್ಲಿನ ಯುವಕ ಯುವತಿಯರು ಜಿಪಿಎಸ್ ಉಪಕರಣ ಹಿಡಿದು ಓಣಿ ಓಣಿ ನಡೆದರು. ನಲ್ಲಿ, ಶೌಚಾಲಯ, ಶಾಲೆ, ಚಿಕಿತ್ಸಾಲಯಗಳನ್ನೆಲ್ಲ ಗುರುತಿಸಿ, ಯಾರು ಬೇಕಾದರೂ ನೋಡಬಹುದಾದ 'ಓಪನ್‌ಸ್ಟ್ರೀಟ್‌ಮ್ಯಾಪ್' ನಕ್ಷೆಗೆ ಸೇರಿಸಿದರು.

ನಮ್ಮ ದೇಶದಲ್ಲೂ ಉದಾಹರಣೆಯಿದೆ. 2013ರಲ್ಲಿ ದಿಲ್ಲಿಯಲ್ಲಿ 'ಸೇಫ್ಟಿಪಿನ್' ಎಂಬ ಆ್ಯಪ್ ಆರಂಭವಾಯಿತು. ಈ ರಸ್ತೆಯಲ್ಲಿ ಬೆಳಕಿದೆಯೇ, ನಡೆಯಲು ಕಾಲುದಾರಿಯಿದೆಯೇ, ಜನಸಂಚಾರವಿದೆಯೇ, ಬಸ್ಸು ಹತ್ತಿರವಿದೆಯೇ, ಇಲ್ಲಿ ಹೆಂಗಸರು ಓಡಾಡುತ್ತಾರೆಯೇ ಎಂದು ಅದರಲ್ಲಿ ಜನರು ಗುರುತಿಸುತ್ತಾರೆ. ಹೆಣ್ಣುಮಕ್ಕಳ ಮನಸ್ಸಿನ ಅಂಜಿಕೆ ಅಧಿಕಾರಿಗಳು ಓದಬಲ್ಲ ಲೆಕ್ಕವಾಯಿತು. ದಿಲ್ಲಿಯಲ್ಲಿ ಕತ್ತಲ ಸ್ಥಳಗಳಿಗೆ ದೀಪ ಹಾಕಲು ಈ ಮಾಹಿತಿ ಬಳಕೆಯಾಯಿತು.

ಮೌನಕ್ಕೆ ಲೆಕ್ಕವಿಲ್ಲ

ಆದರೆ ಇದರಲ್ಲೊಂದು ಅಪಾಯವೂ ಇದೆ. ಅಮೆರಿಕದ ಬೋಸ್ಟನ್ ನಗರದಲ್ಲಿ 2012ರ ಸುಮಾರಿಗೆ 'ಸ್ಟ್ರೀಟ್ ಬಂಪ್' ಎಂಬ ಆ್ಯಪ್ ಬಂತು. ಕಾರಿನಲ್ಲಿಟ್ಟ ಫೋನು ರಸ್ತೆಯ ಗುಂಡಿಗೆ ಅಲುಗಾಡಿದರೆ ಆ ಜಾಗದ ಗುರುತು ನಗರಾಡಳಿತಕ್ಕೆ ಹೋಗುತ್ತಿತ್ತು. ಒಳ್ಳೆಯ ಉಪಾಯವೇ. ಆದರೆ ಅಂಥ ಫೋನು, ಕಾರು ಹೆಚ್ಚಿದ್ದುದು ಉಳ್ಳವರ ಬಡಾವಣೆಗಳಲ್ಲಿ. ಬಡವರ ಮತ್ತು ವೃದ್ಧರ ಬೀದಿಯ ಗುಂಡಿಗಳು ಲೆಕ್ಕಕ್ಕೆ ಬಾರದೆ ಉಳಿಯುವ ಅಪಾಯವನ್ನು ತಜ್ಞರು ಎತ್ತಿ ತೋರಿಸಿದರು.

ಈಗ ನಮ್ಮ ಮೊಹಲ್ಲಾದ ಬಗ್ಗೆ ಯೋಚಿಸಿ. ಪಕ್ಕದ ಬಡಾವಣೆಯಿಂದ ನೂರು ದೂರು ಹೋಗಿ, ನಮ್ಮಿಂದ ಒಂದೂ ಹೋಗದಿದ್ದರೆ ಕಂಪ್ಯೂಟರಿಗೆ ಏನು ಕಾಣುತ್ತದೆ? ಅಲ್ಲಿ ಸಮಸ್ಯೆ ಹೆಚ್ಚು, ಇಲ್ಲಿ ಎಲ್ಲ ಸರಿಯಿದೆ ಎಂದೇ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ಶೇಕಡ 54ರಷ್ಟು ಮಾತ್ರ. ಉಳಿದವರ ಕಷ್ಟ ಯಾವ ನಕ್ಷೆಯಲ್ಲೂ ಮೂಡುವುದಿಲ್ಲ.

ದೂರುವುದು ಹೆಣ್ಣಿಗೆ ಶೋಭೆಯಲ್ಲ ಎನ್ನುವವರಿದ್ದಾರೆ. ಅವರಿಗೆ ಪವಿತ್ರ ಕುರ್‌ಆನಿನ 58ನೇ ಅಧ್ಯಾಯವನ್ನು ನೆನಪಿಸೋಣ. ಗಂಡನಿಂದ ಅನ್ಯಾಯವಾದ ಹ. ಖೌಲಾ(ರ) ಪ್ರವಾದಿವರ್ಯರ(ಸ) ಬಳಿ ಬಂದು ವಾದಿಸಿದರು. ಅಲ್ಲಾಹನು ಆಕೆಯ ದೂರನ್ನು ಆಲಿಸಿದನು, ಆ ಅಧ್ಯಾಯಕ್ಕೆ 'ಅಲ್ ಮುಜಾದಿಲಾ' ಎಂದೇ ಹೆಸರಾಯಿತು. ದಾರಿಯ ವಿಷಯಕ್ಕೂ ಇಸ್ಲಾಮಿನಲ್ಲಿ ಮಹತ್ವವಿದೆ. ದಾರಿಯಲ್ಲಿರುವ ತೊಂದರೆಯನ್ನು ನಿವಾರಿಸುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ರಸ್ತೆಯ ಅಗಲದ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಬೇಕೆಂಬ ತೀರ್ಪೂ ಹದೀಸಿನಲ್ಲಿದೆ.

ನೀವೇನು ಮಾಡಬಹುದು?

ಸಮಸ್ಯೆಯ ಫೋಟೊ ತೆಗೆದು ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಡಿ. ಕೆಲಸವಾಗದೆಯೇ 'ಬಗೆಹರಿದಿದೆ' ಎಂಬ ಸಂದೇಶ ಬಂದರೆ ಸುಮ್ಮನಾಗದೆ ಮತ್ತೆ ದೂರು ಕೊಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ವಿವರ ಕೇಳುವ ಹಕ್ಕು ನಿಮಗಿದೆ. ಫೋನಿಲ್ಲದ ಪಕ್ಕದ ಮನೆಯ ಅಜ್ಜಿಯ, ಬಾಡಿಗೆ ಮನೆಯ ಸಹೋದರಿಯ ದೂರನ್ನೂ ನೀವೇ ದಾಖಲಿಸಿ ಕೊಡಿ. ಹೆಣ್ಣುಮಕ್ಕಳ ಮುಖ ಫೋಟೊದಲ್ಲಿ ಬಾರದಂತೆ ಎಚ್ಚರವಿರಲಿ. ದೂರಿನ ನೆಪದಲ್ಲಿ ಯಾರಾದರೂ ಒಟಿಪಿ ಕೇಳಿದರೆ ಕೊಡಬೇಡಿ.

ಗುಂಡಿ, ದೀಪಗಳಿಗೇ ನಿಲ್ಲಬೇಡಿ. 2017ರ ನವೆಂಬರಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2031ರ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಕೇಳಿದಾಗ ಸಾವಿರಾರು ಆಕ್ಷೇಪಣೆಗಳು ಬಂದವು. ನಿಮ್ಮ ಊರಿನ ಯೋಜನೆಯ ಕರಡು ಬಂದಾಗಲೂ ನಕ್ಷೆಯನ್ನು ಬಿಡಿಸಿ ನೋಡಿ. ನಮ್ಮ ಶಾಲೆ, ಖಬರಸ್ತಾನ, ಆಟದ ಬಯಲು ಅದರಲ್ಲಿ ಇವೆಯೇ? ರಸ್ತೆ ಅಗಲೀಕರಣದ ಗೆರೆ ಯಾರ ಮನೆಯ ಮೇಲೆ ಹಾದುಹೋಗಿದೆ? ಬುಲ್ಡೋಜರ್ ಬಂದ ಮೇಲೆ ಅಳುವುದಕ್ಕಿಂತ, ಗೆರೆ ಕಾಗದದಲ್ಲಿರುವಾಗಲೇ ಮಾತಾಡುವುದು ಲೇಸು.

ಆ್ಯಪ್ ತಾನಾಗಿ ದೀಪ ಹಚ್ಚುವುದಿಲ್ಲ. ಒಬ್ಬಳ ದೂರು ಕಡತದಲ್ಲಿ ಉಳಿಯಬಹುದು, ಓಣಿಯ ಹತ್ತು ಮನೆಯವರು ಸೇರಿ ಕೊಟ್ಟ ದೂರನ್ನು ಕಡೆಗಣಿಸುವುದು ಕಷ್ಟ. ವಾರದ ಕ್ಲಾಸಿಗೆ, ಇಜ್ತಿಮಾಗೆ ಸೇರಿದಾಗ ಹತ್ತು ನಿಮಿಷ ಇದಕ್ಕೂ ಮೀಸಲಿಡಿ. ಆ ದೀಪದ ಬೆಳಕಿನಲ್ಲಿ ನಡೆಯುವವರು ನಿಮ್ಮ ಮಗಳು ಮಾತ್ರವಲ್ಲ, ಆ ದಾರಿಯಲ್ಲಿ ಬರುವ ಪ್ರತಿಯೊಬ್ಬರ ಮಗಳೂ ಹೌದು. ಅದರ ಪುಣ್ಯ ಅಲ್ಲಾಹನ ಬಳಿ ವ್ಯರ್ಥವಾಗದು.